ಬೊಮ್ಮಯ್ಯ ಕಂಡ ಯುರೋಪು

ಮೊಳಕಾಲ್ಮೂರಿನ ನೇಕಾರ ಬೊಮ್ಮಯ್ಯ ಹನ್ನೆರಡು ದಿನ ಯುರೋಪು ಸುತ್ತಿ ಬಂದು ಬಸ್ಸಿಳಿದ ದಿನ ಅವನ ಕಾಲುಗಳಿಗೆ ಸಿಕ್ಕ ಮರ್ಯಾದೆ ಆ ಕೇರಿಯಲ್ಲಿ ಅದುವರೆಗೆ ಯಾರ ಕಾಲಿಗೂ ಸಿಕ್ಕಿರಲಿಲ್ಲ. ಕಾಶಿಗೆ ಹೋಗಿ ಬಂದವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಕಾಲು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಆ ನೀರನ್ನು ಕಣ್ಣಿಗೊತ್ತಿಕೊಂಡು ಒಳಗೆ ಕರೆದುಕೊಳ್ಳುವುದು ಅಲ್ಲಿನ ಪದ್ಧತಿ. ಯುರೋಪಿಗೆ ಹೋಗಿ ಬಂದವರಿಗೆ ಏನು ಮಾಡಬೇಕೆಂಬುದಕ್ಕೆ ಪದ್ಧತಿಯೇ ಇರಲಿಲ್ಲ, ಏಕೆಂದರೆ ಯಾರೂ ಹೋಗಿರಲಿಲ್ಲ. ಪಕ್ಕದ ಮನೆಯ ಸೂರಮ್ಮ ಸೊಂಟದ ಮೇಲೆ ಕೈಯಿಟ್ಟು ಕ್ಷಣ ಯೋಚಿಸಿದಳು.

"ಕಾಶಿಗಿಂತ ದೂರ ಐತಲ್ಲ, ಎಲ್ಡು ಕೊಡ ಹಾಕ್ರಿ" ಎಂದು ತೀರ್ಪು ಕೊಟ್ಟಳು.

ಎರಡು ಕೊಡ ನೀರು ಬಿತ್ತು. ಮೂಲೆಯ ಟೀ ಅಂಗಡಿಯ ಕಾಟಪ್ಪ ಅಂಗಡಿ ಬಿಟ್ಟು ಓಡಿ ಬಂದವನು, "ಯಾವ್ಯಾವ ದೇಶ ತುಳಿದ ಕಾಲೋ ಇವು!" ಎಂದು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಬೊಮ್ಮಯ್ಯ ನಾಚಿಕೆಯಿಂದ ತನ್ನ ಕಾಲು ನೋಡಿಕೊಂಡ. ಆ ಕಾಲುಗಳು ಯಾವ ದೇಶವನ್ನೂ ತುಳಿದಿರಲಿಲ್ಲ. ಅವು ಹನ್ನೆರಡು ದಿನವೂ ಗುಂಡಿಯಲ್ಲಿದ್ದವು. ಆದರೆ ಅದು ಗೊತ್ತಿದ್ದದ್ದು ಅವನೊಬ್ಬನಿಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ವರ್ಷದ ಹಿಂದೆ ಬೊಮ್ಮಯ್ಯನ ಹೆಂಡತಿ ಚಿತ್ತಮ್ಮ ಚಳ್ಳಕೆರೆಗೆ ಹೋಗುವಾಗ ಕುದಾಪುರದ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡೊಂದು ಓಡುವುದನ್ನು ಬಸ್ಸಿನ ಕಿಟಕಿಯಿಂದ ಕಂಡಳು. ಎಲ್ಲವೂ ಓಡುತ್ತಿದ್ದವು, ಒಂದು ಮಾತ್ರ ನಿಂತು ತಿರುಗಿ ಬಸ್ಸನ್ನು ನೋಡುತ್ತಿತ್ತು. ಮನೆಗೆ ಬಂದವಳೇ ಸೀರೆಯ ಅಂಚಿನ ಚಿತ್ತಾರ ಬರೆಯಲು ಚೌಕುಳಿ ಹಾಳೆ ಹಾಸಿಕೊಂಡು ಹದಿನೈದು ದಿನ ಕೂತಳು. ಅಂಚಿನುದ್ದಕ್ಕೂ ಹನ್ನೊಂದು ಜಿಂಕೆ ಓಡುತ್ತವೆ, ಹನ್ನೆರಡನೆಯದು ಹಿಂದಿರುಗಿ ನೋಡುತ್ತದೆ. ಆ ಸೀರೆಯನ್ನು ಗಂಡ ಹೆಂಡತಿ ಸರದಿಯ ಮೇಲೆ ನೇಯ್ದರು. ಅದು ದೊಡ್ಡವರ ಕಣ್ಣಿಗೆ ಬಿತ್ತು, ಅಲ್ಲಿಂದ ಇನ್ನೂ ದೊಡ್ಡವರ ಕಣ್ಣಿಗೆ ಬಿತ್ತು, ಕೊನೆಗೆ ಸರ್ಕಾರದಿಂದ ಒಂದು ಪತ್ರ ಬಂತು: ಬೇಸಿಗೆಯಲ್ಲಿ ಪ್ಯಾರಿಸ್, ಬ್ರಸೆಲ್ಸ್, ವಿಯೆನ್ನಾ, ಮೂರು ಊರುಗಳಲ್ಲಿ ಕೈಮಗ್ಗದ ಪ್ರದರ್ಶನ, ಜಿಂಕೆ ಅಂಚಿನ ನೇಕಾರರು ಮಗ್ಗದ ಸಮೇತ ಬಂದು ನೇಯ್ದು ತೋರಿಸಬೇಕು. ಪತ್ರ ಬಂದದ್ದು ಶ್ರೀ ಬೊಮ್ಮಯ್ಯನವರ ಹೆಸರಿಗೆ, ಏಕೆಂದರೆ ನೇಕಾರರ ಕಾರ್ಡು ಇದ್ದದ್ದು ಶ್ರೀ ಬೊಮ್ಮಯ್ಯನವರ ಹೆಸರಿನಲ್ಲಿ. ಸೀಟು ಒಂದೇ.

ಬೊಮ್ಮಯ್ಯ ಸುಮ್ಮನೆ ಕೂರಲಿಲ್ಲ. "ಜಿಂಕೆ ನಂದಲ್ಲ ಸಾರ್, ನಮ್ಮನೆಯೋರದು" ಎಂದು ಹೇಳಿಕೊಂಡು ಕಚೇರಿಯ ನಾಲ್ಕು ಮೇಜು ಸುತ್ತಿದ. ಹೆಸರು ತಿದ್ದಲು ಆರು ತಿಂಗಳು ಬೇಕು, ವಿಮಾನ ಆರು ವಾರಕ್ಕಿದೆ ಎಂದು ನಾಲ್ಕನೇ ಮೇಜು ಹೇಳಿತು. ಚಿತ್ತಮ್ಮ ಅವತ್ತು ಊಟ ಬಡಿಸುವಾಗ ಮುಖ ಆಚೆ ತಿರುಗಿಸಿಕೊಂಡೇ ಇದ್ದಳು. ಮಾತು ಮಾತ್ರ ಗಟ್ಟಿಯಾಗಿತ್ತು.

"ಹೋಗು ನೀನು. ನೀ ನೋಡಿದ್ರೆ ನಾ ನೋಡ್ದಂಗೇ. ಒಂದೂ ಬಿಡ್ದಂಗೆ ನೋಡ್ಕೊಂಡು ಬಂದು ನನಗೆ ಹೇಳು."

ಹೀಗೆ ಹುರಿಹಿಟ್ಟು, ಶೇಂಗಾ ಚಟ್ನಿಪುಡಿಗಳ ಜೊತೆಗೆ ಹೆಂಡತಿಯ ಕಣ್ಣುಗಳನ್ನೂ ಕಟ್ಟಿಸಿಕೊಂಡು ಬೊಮ್ಮಯ್ಯ ವಿಮಾನ ಹತ್ತಿದ. ಪ್ಯಾರಿಸ್ಸಿನ ಪ್ರದರ್ಶನದವರು ಬಹಳ ಅಚ್ಚುಕಟ್ಟಿನ ಜನ. ನಮ್ಮದು ಗುಂಡಿಮಗ್ಗ, ನೇಕಾರ ನೆಲದ ಮೇಲೆ ಕೂತು ಕಾಲನ್ನು ಗುಂಡಿಗೆ ಇಳಿಬಿಟ್ಟು ನೇಯುತ್ತಾನೆ ಎಂಬುದನ್ನು ಓದಿ ತಿಳಿದುಕೊಂಡು, ಮರದ ಹಲಗೆಯ ಎತ್ತರದ ವೇದಿಕೆ ಮಾಡಿಸಿ ಅದರಲ್ಲಿ ಅಳತೆಗೆ ಸರಿಯಾಗಿ ಗುಂಡಿ ಬಿಡಿಸಿದ್ದರು. ಬೆಳಗ್ಗೆ ಹತ್ತಕ್ಕೆ ಬೊಮ್ಮಯ್ಯ ಅದರೊಳಗೆ ಇಳಿದರೆ ಸಂಜೆ ಆರಕ್ಕೆ ಏಳುವುದು. ನೋಡಲು ಬಂದವರು ವೇದಿಕೆ ಹತ್ತಿ ಸುತ್ತ ನಿಲ್ಲುತ್ತಿದ್ದರು. ಕತ್ತು ಬಗ್ಗಿಸಿ ಲಾಳಿ ಎಸೆಯುವವನ ಕಣ್ಣಿಗೆ ಅವರ ಬೂಟುಗಳು ಬೀಳುತ್ತಿದ್ದವು. ತಲೆ ಎತ್ತಿದರೆ ಎಳೆ ತಪ್ಪುತ್ತದೆ, ಎಳೆ ತಪ್ಪಿದರೆ ಜಿಂಕೆಯ ಕಾಲು ಮುರಿಯುತ್ತದೆ. ಹಾಗಾಗಿ ಬೊಮ್ಮಯ್ಯ ತಲೆ ಎತ್ತಲಿಲ್ಲ.

ಊರಿಂದೂರಿಗೆ ಹೋಗುವಾಗಲಾದರೂ ನೋಡಬಹುದಿತ್ತು. ಆದರೆ ಬಸ್ಸಿನ ಮೊದಲ ತಿರುವಿನಲ್ಲೇ ಅವನಿಗೆ ಹೊಟ್ಟೆ ತೊಳಸಿತು. ಜೊತೆಗಿದ್ದ ಅಧಿಕಾರಿ ಒಂದು ಮಾತ್ರೆ ಕೊಟ್ಟರು, ಮಾತ್ರೆ ನುಂಗಿದವನು ಎದ್ದದ್ದು ಬ್ರಸೆಲ್ಸ್‌ನಲ್ಲಿ. ಮುಂದಿನ ಮಾತ್ರೆಗೆ ವಿಯೆನ್ನಾ ಬಂತು. ಇನ್ನು ಅವನು ಕಂಡದ್ದೆಂದರೆ ಹೋಟೆಲ್ ಕೋಣೆಗಳ ಗೋಡೆಯ ಚಿತ್ರಗಳು. ಒಂದರಲ್ಲಿ ಹಂಸಗಳಿದ್ದ ಸರೋವರ, ಇನ್ನೊಂದರಲ್ಲಿ ಗಾಳಿಗಿರಣಿ, ಮತ್ತೊಂದರಲ್ಲಿ ಹಿಮದ ಬೆಟ್ಟ. ಅದಲ್ಲದೆ ಪ್ಯಾರಿಸ್, ಬ್ರಸೆಲ್ಸ್ ಪ್ರದರ್ಶನಗಳ ಬಾಗಿಲ ಮೇಲೆ ಹಸಿರು ಬೆಳಕಿನಲ್ಲಿ ಬರೆದಿದ್ದ ಒಂದು ಪದ. ಜನ ಚದುರಿದ ಮೇಲೆ ಗುಂಡಿಯಲ್ಲಿ ಕೂತು ಬೆನ್ನು ನೆಟ್ಟಗೆ ಮಾಡಿದಾಗಲೆಲ್ಲ ಅದೇ ಕಾಣುತ್ತಿತ್ತು. ಒಂದೊಂದೇ ಅಕ್ಷರ ಕೂಡಿಸಿ ಅವನು ಅದನ್ನು 'ಸಾರ್ಟಿ' ಎಂದು ಓದಿಕೊಂಡಿದ್ದ. ಅದರ ಅರ್ಥ ಏನೆಂದು ಯಾರನ್ನೂ ಕೇಳಲಿಲ್ಲ, ಕೇಳಲು ಭಾಷೆ ಇರಲಿಲ್ಲ.

ಈಗ ತೊಳೆದ ಕಾಲಿನಲ್ಲಿ ಒಳಗೆ ಬಂದು ಚಾಪೆಯ ಮೇಲೆ ಕೂತ ಬೊಮ್ಮಯ್ಯನ ಸುತ್ತ ಅರ್ಧ ಕೇರಿ ಕೂತಿತ್ತು. ಎದುರಿಗೆ ಚಿತ್ತಮ್ಮ. ಹನ್ನೆರಡು ದಿನದಲ್ಲಿ ಇಳಿದಿದ್ದಳು, ಆದರೆ ಕಣ್ಣು ಹೊಳೆಯುತ್ತಿದ್ದವು.

"ಏಮಯ್ಯಾ, ಹೇಳು. ಏನೇನು ನೋಡ್ದೆ?"

ಬೊಮ್ಮಯ್ಯ ಬಾಯಿ ತೆರೆದ. ಏನೂ ನೋಡಲಿಲ್ಲ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಆದರೆ ಆ ಮುಖ ನೋಡಿಕೊಂಡು ಅದನ್ನು ಹೇಳುವುದಕ್ಕೆ ಬೇರೆ ಗಂಡಸು ಬೇಕಿತ್ತು. ಇವಳ ಸೀಟು, ಇವಳ ಜಿಂಕೆ, ಕೊನೆಗೆ ಇವಳಿಗೆ ಸಿಕ್ಕಿದ್ದು ಸೊನ್ನೆ ಎಂದು ಹೇಗೆ ಹೇಳುವುದು?

"ಐಫೆಲ್ ಟವರ್ ನೋಡ್ದೆ" ಎಂದ.

"ನಮ್ಮ ನುಂಕೆಮಲೆ ಬೆಟ್ಟಕ್ಕಿಂತ ಎತ್ರನಾ?" ಕಾಟಪ್ಪ ಕೇಳಿದ.

"ಎಲ್ಡು ನುಂಕೆಮಲೆ."

ಜನ ಉಸಿರು ಬಿಟ್ಟರು. ಚಿತ್ತಮ್ಮ ಸ್ವಲ್ಪ ಮುಂದಕ್ಕೆ ಸರಿದು, "ಆಮೇಲೆ?" ಎಂದಳು.

ಬೊಮ್ಮಯ್ಯ ಹಂಸದ ಸರೋವರ ಕೊಟ್ಟ. ಅದನ್ನು ಪ್ಯಾರಿಸ್ಸಿನ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಇಟ್ಟ. "ಆಮೇಲೆ?" ಗಾಳಿಗಿರಣಿ ಕೊಟ್ಟ. ಚಿತ್ತಮ್ಮ ಇನ್ನೂ ಕಾಯುತ್ತಿದ್ದಳು. ಸಾಲದೇನೋ ಅನ್ನಿಸಿ ಅವನು ಹಿಮದ ಬೆಟ್ಟವನ್ನೇ ತಂದು ಬ್ರಸೆಲ್ಸ್ ಊರ ನಡುವೆ ನಿಲ್ಲಿಸಿದ. ಅದು ಅವಳ ಮುಖದಲ್ಲಿ ಬೆಳಕು ತಂದಿತು, ಆದರೆ ಬೆಳಕಿನ ಹಿಂದೆ ಏನೋ ಒಂದು ಇನ್ನೂ ಬಾಗಿಲಲ್ಲೇ ನಿಂತಿತ್ತು. ಅದು ಏನೆಂದು ಬೊಮ್ಮಯ್ಯನಿಗೆ ತಿಳಿಯಲಿಲ್ಲ. ನಾಳೆ ಇನ್ನೊಂದು ಬೆಟ್ಟ ಬೇಕಾಗುತ್ತದೆ ಎಂದುಕೊಂಡ.

ಅಲ್ಲಿಂದ ಮುಂದೆ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಮನೆಯಲ್ಲಿ ಯುರೋಪು ಶುರುವಾಗುತ್ತಿತ್ತು. ಚಿತ್ತಮ್ಮ ಮಗ್ಗದಲ್ಲಿ ಕೂತು ಲಾಳಿ ಎಸೆಯುತ್ತ "ಆಮೇಲೆ?" ಎನ್ನುವಳು. ಬೊಮ್ಮಯ್ಯ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಹೇಳುವನು. ಅವಳು ಮತ್ತೆ "ಆಮೇಲೆ?" ಎನ್ನುವಳು. ಎಷ್ಟು ಹಿಗ್ಗಿಸಿ ಹೇಳಿದರೂ ಹೋಟೆಲಿನ ಗೋಡೆಗಳು ಮೂರೇ ದಿನಕ್ಕೆ ಮುಗಿದವು. ನಾಲ್ಕನೇ ದಿನದಿಂದ ಬೊಮ್ಮಯ್ಯ ಸ್ವಂತ ಖರ್ಚಿನಲ್ಲಿ ಯುರೋಪು ಕಟ್ಟತೊಡಗಿದ.

ಕೇಳಲು ಬಂದು ಹೋಗುತ್ತಿದ್ದ ಕಾಟಪ್ಪ ಅದನ್ನು ಅಂಗಡಿಯಲ್ಲಿ ಟೀ ಜೊತೆ ಹಂಚುತ್ತಿದ್ದ. ಟೀಗೆ ನೀರು ಬೆರೆಸುವ ಅಭ್ಯಾಸ ಕಥೆಗೂ ಬಂದಿತು. ಬೊಮ್ಮಯ್ಯ ಹಂಸ ನೋಡಿದ್ದು ಅಂಗಡಿಗೆ ಬರುವಷ್ಟರಲ್ಲಿ ಹಂಸಕ್ಕೆ ಶೇಂಗಾ ತಿನ್ನಿಸಿದ್ದಾಯಿತು. ಬೈಪಾಸ್ ದಾಟುವಷ್ಟರಲ್ಲಿ ಹಂಸಗಳು ಚಳ್ಳಕೆರೆ ಶೇಂಗಾಕ್ಕೆ ಸೋತು ಬೊಮ್ಮಯ್ಯನ ಹಿಂದೆ ಹೋಟೆಲ್ ತನಕ ನಡೆದು ಬಂದಿದ್ದವು. ಕಥೆ ಗೌರಸಮುದ್ರ ಊರು ಮುಟ್ಟಿದಾಗ ಒಬ್ಬ ದೊರೆಸಾನಿ ನೀರಿಗೆ ಬಿದ್ದಿದ್ದಳು, ಬೊಮ್ಮಯ್ಯ ಪಂಚೆ ಮೇಲೆ ಕಟ್ಟಿ ಹಾರಿದ್ದ. ಸೂರಮ್ಮ ಒಂದು ಬೆಳಗ್ಗೆ ಬಂದು ಚಿತ್ತಮ್ಮನನ್ನು ಗೋಡೆಯ ಮರೆಗೆ ಕರೆದು, "ಯಾರೇ ಆ ಒದ್ದೆ ಹೆಂಗ್ಸು?" ಎಂದು ವಿಚಾರಿಸಿಕೊಂಡು ಹೋದಳು.

ಚಿತ್ತಮ್ಮನ ತಮ್ಮ ಕ್ಯಾತಪ್ಪ ಕೊಂಡ್ಲಹಳ್ಳಿಯಿಂದ ಬೈಕ್ ಹತ್ತಿ ಬಂದ. ಬಂದವನೇ ಭಾವ ತಂದ ಚೀಲವನ್ನೆಲ್ಲ ತಡಕಿ, ಚಟ್ನಿಪುಡಿಯ ಡಬ್ಬಿ ಎತ್ತಿ ಹಿಡಿದ.

"ಡಬ್ಬಿ ಖಾಲಿ ತಂದೀಯಲ್ಲ ಭಾವ, ಒಂದು ಹಿಡಿ ಹಿಮ ತುಂಬ್ಕೊಂಡು ಬರಕ್ಕಾಗ್ಲಿಲ್ವಾ?"

"ಕರಗುತ್ತೆ ಕಣೋ ಅದು."

"ಕರಗಿದ್ರೆ ನೀರಾಗ್ತಿತ್ತು. ಆ ನೀರನ್ನಾದ್ರೂ ನೋಡ್ತಿದ್ವಿ!"

ಕ್ಯಾತಪ್ಪ ಬೇಸರ ಮಾಡಿಕೊಂಡು ಊಟಕ್ಕೆ ಕೂತ. ಆ ಬೇಸರದಲ್ಲಿ ಎರಡು ಮುದ್ದೆ ಹೆಚ್ಚಿಗೆ ಹೋಯಿತು.

ಅಷ್ಟರಲ್ಲಿ ಸರ್ಕಾರವೂ ಬಂತು. ವಿದೇಶಕ್ಕೆ ಹೋಗಿ ಬಂದ ಕುಶಲಕರ್ಮಿ ಅನುಭವದ ವರದಿ ಕೊಡಬೇಕಂತೆ. ಗುಮಾಸ್ತರೊಬ್ಬರು ನಾಲ್ಕು ಪುಟದ ಅರ್ಜಿ ಹಿಡಿದು ಬಂದು ಮಗ್ಗದ ಪಕ್ಕದಲ್ಲೇ ಕೂತು ಬರೆದುಕೊಂಡರು. ಕಲಿತ ಪಾಠಗಳು ಎಂಬಲ್ಲಿ ಬೊಮ್ಮಯ್ಯ ಎಷ್ಟು ಯೋಚಿಸಿದರೂ ಏನೂ ಹೊಳೆಯಲಿಲ್ಲ. ಗುಮಾಸ್ತರು ತಾವೇ ಮೂರು ಪಾಠ ಕಲಿತು ಬರೆದರು. ನೋಡಿದ ಸ್ಥಳಗಳು ಎಂಬಲ್ಲಿ ಪೆನ್ನು ನಿಂತಿತು.

"ಬೆಟ್ಟ ಅಂತ ಬರೆದ್ರೆ ಫೈಲು ವಾಪಸ್ ಬರುತ್ತೆ ಬೊಮ್ಮಯ್ಯ. ಬೆಟ್ಟದ ಹೆಸ್ರು?"

ಬೊಮ್ಮಯ್ಯನಿಗೆ ಯುರೋಪಿನ ಮಾತು ಗೊತ್ತಿದ್ದದ್ದೇ ಒಂದು. "ಸಾರ್ಟಿ" ಎಂದ.

"ಎತ್ರ?"

"ಮೋಡದ ತಂಕ."

ಗುಮಾಸ್ತರು 'ಸಾರ್ಟಿ ಪರ್ವತ, ಎತ್ತರ: ಮೋಡದವರೆಗೆ' ಎಂದು ಬರೆದು ಮೊಹರು ಒತ್ತಿದರು. ಹೀಗೆ ಒಂದು ಬೆಟ್ಟ ಸರ್ಕಾರಿ ದಾಖಲೆಗೆ ಸೇರಿತು. ಮಗ್ಗದಲ್ಲಿದ್ದ ಚಿತ್ತಮ್ಮ ಕೈ ನಿಲ್ಲಿಸಿ, ಗುಮಾಸ್ತರು ಹೋದ ಮೇಲೆ ಮೆಲ್ಲಗೆ ಕೇಳಿದಳು, "ಬೆಟ್ಟ ಆಯ್ತು. ಆಮೇಲೆ?"

"ಇನ್ನೂ ಏನು ಬೇಕೇ ನಿನಗೆ?"

"ಏನಿಲ್ಲ ಬಿಡು" ಎಂದು ಅವಳು ಮತ್ತೆ ಲಾಳಿ ಎಸೆದಳು. ಅವಳಿಗೆ ಎಷ್ಟು ತಂದು ಸುರಿದರೂ ಸಾಲದಲ್ಲ ಎಂದು ಬೊಮ್ಮಯ್ಯನಿಗೆ ಗಾಬರಿಯಾಯಿತು.

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ಇಟ್ಟುಕೊಂಡಿದ್ದ ಗಂಗರಾಜು 'ಲೋಕಸಂಚಾರಿ ಬಳಗ' ಎಂಬ ಸಂಘದ ಅಧ್ಯಕ್ಷರು. ಅವರು ಹತ್ತೊಂಬತ್ತು ಸಲ ತಿರುಪತಿಗೆ ಹೋಗಿದ್ದರು, ಲೋಕದಲ್ಲಿ ಬೇರೆಲ್ಲೂ ಹೋಗಿರಲಿಲ್ಲ. ದೊರೆಸಾನಿಯ ಸುದ್ದಿ ಅವರ ಕಿವಿಗೆ ಬಿದ್ದದ್ದೇ ಕಲ್ಯಾಣ ಮಂಟಪ ಗೊತ್ತು ಮಾಡಿ ಬ್ಯಾನರ್ ಬರೆಸಿದರು: 'ಯುರೋಪಿನ ಬೇಸಿಗೆ: ಮರೆಯಲಾಗದ ಅನುಭವಗಳು. ಶ್ರೀ ಬೊಮ್ಮಯ್ಯ, ವಿಶ್ವಯಾತ್ರಿಕರು, ಮೊಳಕಾಲ್ಮೂರು.' ಅತಿಥಿಯಾಗಿ ಕುದಾಪುರದ ಕಡೆಯ ಒಂದು ವಿಜ್ಞಾನ ಸಂಸ್ಥೆಯಿಂದ ಡಾಕ್ಟರ್ ಪದ್ಮಶ್ರೀ ಎಂಬ ಮೇಡಮ್ಮನ್ನು ಕರೆದಿದ್ದರು. ಆಕೆ ಎರಡು ವರ್ಷ ಬ್ರಸೆಲ್ಸ್‌ನಲ್ಲಿ ಓದಿದವರು ಎಂಬುದನ್ನು ಗಂಗರಾಜು ಬೊಮ್ಮಯ್ಯನಿಗೆ ಹೇಳಿದ್ದು ವೇದಿಕೆಯ ಮೇಲೆ, ಹಾರ ಹಾಕುವಾಗ. "ನೀವಿಬ್ರೂ ಒಂದೇ ಊರಿನೋರಾದ್ರಿ!" ಎಂದು ಖುಷಿಪಟ್ಟರು.

ಕೇರಿಯವರು ಟೆಂಪೊ ಮಾಡಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಚಿತ್ತಮ್ಮ ಮದುವೆಯ ಸೀರೆ ಉಟ್ಟು, ಗಂಡನ ಮಾತಿಗೆ ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಬೊಮ್ಮಯ್ಯ ಮೈಕು ಹಿಡಿದು ಟವರ್ ಹತ್ತಿದ, ಸರೋವರದಲ್ಲಿ ಶೇಂಗಾ ಚೆಲ್ಲಿದ (ಈ ಶೇಂಗಾ ಕಾಟಪ್ಪನದೆಂಬುದು ಅವನಿಗೂ ಮರೆತು ಹೋಗಿತ್ತು), ಕೊನೆಗೆ ಕಣ್ಣು ಮುಚ್ಚಿಕೊಂಡು ಬ್ರಸೆಲ್ಸ್‌ನ ಬೆಟ್ಟ ಏರಿದ. ಚಪ್ಪಾಳೆ ಬಿತ್ತು.

ಪದ್ಮಶ್ರೀ ಮೇಡಂ ಬಹಳ ಮೆದುವಾಗಿ, "ಬ್ರಸೆಲ್ಸ್‌ನಲ್ಲಿ ಹಿಮದ ಬೆಟ್ಟ ಇದೆಯಾ? ನಾನು ಎರಡು ವರ್ಷ ಅಲ್ಲೇ ಇದ್ದೆ. ನೋಡಲಿಲ್ಲವಲ್ಲ" ಎಂದರು.

ಬೊಮ್ಮಯ್ಯ ಉತ್ತರ ಹುಡುಕುವ ಮೊದಲೇ ಮೊಳಕಾಲ್ಮೂರು ಎದ್ದು ನಿಂತಿತು.

"ಮೇಡಂ, ನೀವು ಓದೋಕೆ ಹೋಗಿದ್ರಿ. ಪುಸ್ತಕ ನೋಡ್ತಿದ್ರಿ, ಬೆಟ್ಟ ಎಲ್ಲಿ ನೋಡಿದ್ರಿ?" ಎಂದ ಕಾಟಪ್ಪ.

"ಅವಾಗ ಕರಗಿತ್ತೇನೋ" ಎಂದಳು ಸೂರಮ್ಮ.

"ಇಲ್ಲ, ಹೊಸದಾಗಿ ಆಗಿರಬೇಕು. ಆ ಕಡೆ ಸರ್ಕಾರ ಬಾಳ ಚುರುಕು" ಎಂದು ಗಂಗರಾಜು ಇಬ್ಬರಿಗೂ ನೋವಾಗದಂತೆ ತೀರ್ಮಾನ ಮಾಡಿದರು.

ಕ್ಯಾತಪ್ಪನಿಗೆ ಮಾತ್ರ ಸಮಾಧಾನವಾಗಲಿಲ್ಲ. ಕುರ್ಚಿಯ ಮೇಲೆ ಹತ್ತಿ, "ಬೆಟ್ಟಕ್ಕೆ ಹೆಸರೈತೆ ಮೇಡಂ! ಸರ್ಕಾರದ ಮೊಹರು ಬಿದ್ದೈತೆ! ಹೇಳು ಭಾವ!" ಎಂದು ಕೂಗಿದ.

ಬೊಮ್ಮಯ್ಯ ಸಣ್ಣ ದನಿಯಲ್ಲಿ, "ಸಾರ್ಟಿ" ಎಂದ. "ಹಸಿರು ಬೆಳಕಿನಾಗೆ ಬರೆದಿದ್ರು."

ಪದ್ಮಶ್ರೀ ಮೇಡಂ ನಗಲು ಹೊರಟವರು ಅಲ್ಲೇ ನಿಂತರು. ಆ ಊರುಗಳಲ್ಲಿ ಆ ಪದ ಎಲ್ಲಿ ಬರೆದಿರುತ್ತದೆ, ಫ್ರೆಂಚಿನಲ್ಲಿ ಅದಕ್ಕೆ ಹೊರಗೆ ಹೋಗುವ ದಾರಿ ಎಂದು ಅರ್ಥ ಎಂಬುದು ಅವರಿಗೆ ಗೊತ್ತಿತ್ತು. ಎದುರಿಗೆ ಹಾರ ಹಾಕಿಸಿಕೊಂಡು ಬೆವರುತ್ತ ನಿಂತ ಈ ಮನುಷ್ಯ ಯುರೋಪಿನಲ್ಲಿ ಏನನ್ನು ನೋಡುತ್ತ ಕೂತಿದ್ದನೆಂಬುದು ಅವರಿಗೆ ಒಮ್ಮೆಲೇ ಅರ್ಥವಾಯಿತು.

"ಹೌದು, ಆ ಹೆಸರು ನಾನೂ ಓದಿದ್ದೇನೆ. ನನ್ನದೇ ತಪ್ಪು" ಎಂದು ಕೂತುಬಿಟ್ಟರು.

ಮಂಟಪ ಗೆದ್ದವರಂತೆ ಕೂಗಿತು. ಬೊಮ್ಮಯ್ಯ 'ಬದುಕಿದೆ' ಎಂದುಕೊಂಡು ಮೈಕು ಕೆಳಗಿಡಲು ಹೊರಟಾಗ ಮುಂದಿನ ಸಾಲಿನಲ್ಲಿ ಚಿತ್ತಮ್ಮ ಎದ್ದು ನಿಂತಳು. ಇಷ್ಟು ಜನರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿ, ಮತ್ತೆ ಸುತ್ತಿಕೊಂಡಳು.

"ನಂದೊಂದು ಕೇಳೋದೈತೆ" ಎಂದಳು. "ಬೆಟ್ಟದ್ದು ಎಲ್ಲಾ ಹೇಳಿದ್ರಿ. ನನ್ನ ಜಿಂಕೆ... ಅಲ್ಲಿನ ಜನ ನನ್ನ ಜಿಂಕೆ ನೋಡಿದ್ರಾ? ನೋಡಿದಾಗ ಅವರ ಮುಖ ಹೆಂಗಿತ್ತು?"

ಸಂಜೆ ಸಂಜೆಯೂ "ಆಮೇಲೆ?" ಎಂದು ಅವಳು ಕಾಯುತ್ತಿದ್ದದ್ದು ಇದಕ್ಕೆ. ಅವಳು ಒಂದು ಜಿಂಕೆಗೆ ಕಾಯುತ್ತಿದ್ದಳು, ಇವನು ಬೆಟ್ಟದ ಮೇಲೆ ಬೆಟ್ಟ ಪೇರಿಸುತ್ತಿದ್ದ. ಬೊಮ್ಮಯ್ಯನಿಗೆ ತಲೆಗೆ ಯಾರೋ ತಣ್ಣೀರು ಸುರಿದಂತಾಯಿತು. ಬಾಯ್ತುಂಬ ಹೊಗಳಿದರು ಎಂದು ಒಂದು ಮಾತು ಒಗೆದಿದ್ದರೆ ಮುಗಿಯುತ್ತಿತ್ತು. ಬೆಟ್ಟದ ವಿಷಯದಲ್ಲಿ ಹರಿದಾಡಿದ ನಾಲಿಗೆ ಜಿಂಕೆಯ ವಿಷಯದಲ್ಲಿ ಏಳಲಿಲ್ಲ.

"ಮುಖ ನೋಡ್ಲಿಲ್ಲ ಕಣೇ" ಎಂದ. ಮೈಕು ಇನ್ನೂ ಕೈಯಲ್ಲೇ ಇದ್ದುದರಿಂದ ಮಂಟಪವೆಲ್ಲ ಕೇಳಿತು. "ನಾ ಏನೂ ನೋಡ್ಲಿಲ್ಲ. ಗುಂಡಿಯಾಗೆ ಕೂತಿದ್ದೆ. ಬೂಟು ನೋಡ್ದೆ ಅಷ್ಟೇ."

"ಬೂಟು?" ಗಂಗರಾಜು ಬ್ಯಾನರ್ ಕಡೆ ನೋಡಿದರು.

"ಬೂಟು ಸಾರ್. ಕರೇವು, ಕೆಂಪು, ಹೆಣ್ಮಕ್ಕಳ ಎತ್ತರದ ಹಿಮ್ಮಡಿವು. ಬರೋವು, ಸ್ವಲ್ಪ ಹೊತ್ತು ನಿಲ್ಲೋವು, ಹೋಗೋವು. ಆದ್ರೆ ಚಿತ್ತೂ, ಕೇಳು. ಆ ನಿನ್ನ ಕಡೇ ಜಿಂಕೆ ಬಂದಾಗ, ತಿರುಗಿ ನೋಡ್ತದಲ್ಲ ಅದು, ಅದನ್ನ ನೇಯೋ ಹೊತ್ತಿಗೆ ಹೊರಟ ಬೂಟು ನಿಂತುಬಿಡೋವು. ನಾ ಎಣಿಸಿದ್ದೀನಿ. ಪ್ರತಿ ಸಲಾನೂ ನಿಂತವೆ."

ಬೊಮ್ಮಯ್ಯ ಮುಂದುವರಿಸಿದ.

"ವಿಯೆನ್ನಾದಾಗೆ ಒಂದು ಜೊತೆ ನೀಲಿ ಬೂಟು ಬಾಳ ಹೊತ್ತು ನಿಂತಿತ್ತು. ಆಮೇಲೆ ಆ ಬೂಟಿನ ಅಜ್ಜಿ ಕಷ್ಟಪಟ್ಟು ಮಂಡಿ ಊರಿ ನನ್ನ ಪಕ್ಕ ಕೂತ್ಲು. ಆ ದೇಶದಾಗೆ ನಾ ಕಣ್ತುಂಬ ನೋಡಿದ್ದು ಅದೊಂದೇ ಮುಖ. ನಿನ್ನ ಜಿಂಕೆ ಮೇಲೆ ಬೆರಳಿಟ್ಟು ಏನೋ ಕೇಳಿದ್ಲು. ಯಾರು ಮಾಡಿದ್ದು ಅಂತ ಕೇಳ್ತಾಳೆ ಅಂದ್ಕೊಂಡೆ. ಮೈ ವೈಫ್ ಅಂದೆ. ಆ ಅಜ್ಜಿ ಕಣ್ಣಾಗೆ ನೀರು ಬಂತು. ಯಾಕೆ ಬಂತೋ ನಂಗೊತ್ತಿಲ್ಲ. ನಂಗೂ ಬಂತು."

ಚಿತ್ತಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಟಪ್ಪ ಮೂಗು ಒರೆಸಿಕೊಳ್ಳುತ್ತ, "ಹಂಗಾದ್ರೆ ದೊರೆಸಾನಿ?" ಎಂದು ಪಿಸುಗುಟ್ಟಿದ. ಅವನ ದೊರೆಸಾನಿಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಚಿತ್ತಮ್ಮ ಬಾಯಿಂದ ಸೆರಗು ಸರಿಸಿ ಕೇಳಿದಳು. "ಹನ್ನೆಲ್ಡು ದಿನದಾಗೆ ಒಂದಿನಾನೂ ಹೊರಗೆ ಬಿಡ್ಲಿಲ್ವಾ ನಿನ್ನ?"

"ಕಡೇ ದಿನ ಬಿಟ್ರು. ಊರು ತೋರಿಸ್ತೀವಿ ಅಂತ ಬಸ್ಸು ಮಾಡಿದ್ರು. ಎಲ್ಲಾರೂ ಹೋದ್ರು."

"ನೀನು?"

"ಹೋಗ್ಲಿಲ್ಲ."

"ಯಾಕೆ?"

ಬೊಮ್ಮಯ್ಯ ಮೈಕನ್ನು ದೂರ ಹಿಡಿದ. ಈ ಮಾತು ಅವಳೊಬ್ಬಳಿಗೇ ಸೇರಿದ್ದು ಎಂದು ಅವನಿಗೆ ಅನ್ನಿಸಿತು. ಆದರೆ ಆ ಮೌನದಲ್ಲಿ ಕಡೆಯ ಸಾಲಿಗೂ ಕೇಳಿತು.

"ಜಿಂಕೆ ನಿಂದು, ಸೀಟು ನಿಂದು. ಬಸ್ಸಿನ ಮೆಟ್ಲಾಗೆ ಕಾಲಿಟ್ಟೆ. ನಾನೊಬ್ನೇ ನೋಡಿಬಿಟ್ರೆ, ಮುಂದೆ ಯಾವಾಗಾದ್ರೂ ನೀ ಬಂದಾಗ ನಾ ಆಗ್ಲೇ ನೋಡಿದೋನಾಗ್ತೀನಿ. ಇಬ್ರೂ ಒಟ್ಟಿಗೆ ಮೊದಲ್ನೇ ಸಲ ನೋಡೋಣ ಅನ್ನಿಸ್ತು. ಕಾಲು ತೆಗೆದುಬಿಟ್ಟೆ. ವಾಪಸ್ ಬಂದು ಗುಂಡಿಯಾಗೆ ಕೂತು ನೇಯ್ದೆ."

ಹೆಂಗಸರ ಸಾಲಿನಲ್ಲಿ ಒಂದೊಂದೇ ಸೆರಗು ಮೇಲೆದ್ದಿತು. ಪದ್ಮಶ್ರೀ ಮೇಡಂ ಕನ್ನಡಕ ತೆಗೆದರು. ಗಂಗರಾಜು ವಂದನಾರ್ಪಣೆಯ ಚೀಟಿಯನ್ನು ತಲೆಕೆಳಗಾಗಿ ಹಿಡಿದು ಅದನ್ನೇ ನೋಡುತ್ತಿದ್ದರು. ಎಲ್ಲರೂ ಚಿತ್ತಮ್ಮ ಈಗ ಅಳುತ್ತಾಳೆ ಎಂದು ಕಾದರು.

ಚಿತ್ತಮ್ಮನಿಗೆ ಪ್ರೀತಿ ಬರುವುದು ತೆಲುಗಿನಲ್ಲಿ, ಸಿಟ್ಟು ಬರುವುದು ಕನ್ನಡದಲ್ಲಿ. ಅವತ್ತು ಎರಡೂ ಒಟ್ಟಿಗೆ ಬಂದವು.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಏಮಯ್ಯಾ, ಬಸ್ಸು ಬಿಟ್ಟಿ ಇತ್ತಲ್ಲಯ್ಯಾ! ಒಂದೂ ಬಿಡ್ದಂಗೆ ನೋಡ್ಕೊಂಡು ಬಾ ಅಂತ ಕಳಿಸಿದ್ರೆ, ಒಂದೂ ನೋಡ್ದೆ ಬಂದೀಯಲ್ಲ! ಅಲ್ಲೀ ತಂಕ ಹೋಗಿ ಗುಂಡಿಯಾಗೆ ಕೂತು ಬರಾಕೆ ಮನೆಯಾಗೆ ಗುಂಡಿ ಇರ್ಲಿಲ್ವಾ? ಅಯ್ಯೋ ನನ್ ರಾಜಾ, ನಿನ್ನ ಕಟ್ಕೊಂಡು ನಾ ಏನ್ ಮಾಡ್ಲಿ!"

ಬೈಯುತ್ತ ಬೈಯುತ್ತ ವೇದಿಕೆ ಹತ್ತಿ, ಅವನ ಕೊರಳಿನ ಹಾರ ತೆಗೆದು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಗಂಡನನ್ನು ಬಿಟ್ಟು ನೇರವಾಗಿ ಪದ್ಮಶ್ರೀ ಮೇಡಂ ಮುಂದೆ ಹೋಗಿ ನಿಂತಳು.

"ಅಮ್ಮಾ, ಆ ದೇಶಕ್ಕೆ ಹೋಗಾಕೆ ಮೊದ್ಲು ಏನು ಬೇಕು?"

"ಪಾಸ್‌ಪೋರ್ಟ್ ಬೇಕು."

"ಅದಕ್ಕೇನು ಬೇಕು?"

"ಮೊದಲು ಒಂದು ಫೋಟೋ."

ಟೆಂಪೊ ಹೊರಡಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಚಿತ್ತಮ್ಮ ಗಂಡನ ತೋಳು ಹಿಡಿದು ಚಳ್ಳಕೆರೆಯ ಪೇಟೆಯಲ್ಲಿ ಎಳೆದುಕೊಂಡು ಹೋದಳು. ಆ ಪಾಸ್‌ಪೋರ್ಟ್ ಯಾವಾಗ ಬರುತ್ತದೆ, ಬಂದರೂ ಅವಳನ್ನು ಕರೆಯುವವರು ಯಾರು, ಇಬ್ಬರಿಗೆ ಸೀಟು ಕೊಡುವ ದೇಶ ಯಾವುದು, ಇದೊಂದೂ ಬೊಮ್ಮಯ್ಯನಿಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಹೆಂಡತಿಯ ಹಿಡಿತ ಮಾತ್ರ ಗಟ್ಟಿಯಾಗಿತ್ತು, ಅವನಿಗೆ ಅದು ಇಷ್ಟವಾಯಿತು.

ಮಲ್ಲಿಕ್ ಸ್ಟುಡಿಯೋದಲ್ಲಿ ಬಿಳಿ ಪರದೆಯ ಮುಂದೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಮಲ್ಲಿಕ್ ವಯಸ್ಸಾದ ಮನುಷ್ಯ, ತಾಳ್ಮೆಯವರು.

"ಅಮ್ಮಾ, ಪಾಸ್‌ಪೋರ್ಟಿಗೆ ನಗಬಾರ್ದು. ಬಾಯಿ ಮುಚ್ಕೊಳ್ರಿ, ನೇರ ನೋಡ್ರಿ."

ಚಿತ್ತಮ್ಮ ನೇರ ನೋಡಿದಳು. ಕ್ಯಾಮೆರಾದ ಹಿಂದೆ ಬೊಮ್ಮಯ್ಯ ಕೈಕಟ್ಟಿ ತಪ್ಪು ಮಾಡಿದವನಂತೆ ನಿಂತಿದ್ದ. ಅವಳ ತುಟಿ ಅಲುಗಿತು. ಮಲ್ಲಿಕ್ ಅಳಿಸಿ ಇನ್ನೊಂದು ತೆಗೆದರು. ಅದರಲ್ಲಿ ಹಲ್ಲು ಬಂತು. ಮೂರನೆಯದರಲ್ಲಿ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು, ಆದರೂ ನಗುತ್ತಿದ್ದಳು. ನಾಲ್ಕನೆಯದು ಕೆಟ್ಟ ಮೇಲೆ ಮಲ್ಲಿಕ್ ಬೊಮ್ಮಯ್ಯನ ಹೆಗಲ ಮೇಲೆ ಕೈ ಹಾಕಿದರು.

"ನೀವು ಸ್ವಲ್ಪ ಬಾಹರ್ ನಿಲ್ರಿ ಭಾಯಿ. ನೀವಿದ್ರೆ ಆಗೋ ಕೆಲ್ಸ ಅಲ್ಲ ಇದು."

ಬೊಮ್ಮಯ್ಯ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ. ಬಿಸಿಲು ಇಳಿಯುತ್ತಿತ್ತು. ಎದುರಿನ ರಸ್ತೆಯಲ್ಲಿ ಬಳ್ಳಾರಿ ಕಡೆಯ ಬಸ್ಸು, ಚಿತ್ರದುರ್ಗದ ಬಸ್ಸು, ಶೇಂಗಾ ಚೀಲದ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅವನು ತಲೆ ಎತ್ತಿ ಎಲ್ಲವನ್ನೂ ನೋಡುತ್ತ ನಿಂತ. ಒಳಗಿನಿಂದ ಮಲ್ಲಿಕ್ ದನಿ ಮತ್ತೆ ಕೇಳಿಸಿತು.

"ಅಮ್ಮಾ... ಅವ್ರು ಹೊರಗೆ ಹೋದ್ರಲ್ಲ. ಈಗ್ಯಾಕ್ರೀ ನಗ್ತೀರಿ?"